ಎರಡು ತಾಸಿಗೊಮ್ಮೆ ಮಗ್ಗಲು

ಆಗ ನನಗೆ ಅರವತ್ತಾರು ವರ್ಷ. ಈ ಮಾತಿಗೆ ಈಗ ಏಳು ವರ್ಷವಾಯಿತು. ಕಷ್ಟದಲ್ಲಿ ದೇವರ ಮೇಲೆ ಭರವಸೆ ಇಟ್ಟ ಒಂದು ಸಂಗತಿ ಬರೆದುಕೊಡು, ಸಭೆಯ ಪುಸ್ತಕದಲ್ಲಿ ಹಾಕುತ್ತೇವೆ ಎಂದು ನಮ್ಮ ಪಾಸ್ಟರು ಮೂರು ಸಲ ಹೇಳಿದರು. ನನಗೆ ಅಕ್ಷರ ಬಂದದ್ದು ನಲವತ್ತು ದಾಟಿದ ಮೇಲೆ, ಬೈಬಲ್ ಓದಬೇಕೆಂದು ಕಲಿತದ್ದು. ಓದುತ್ತೇನೆ, ಬರೆಯುವುದು ನಿಧಾನ. ನನ್ನ ತಮ್ಮನ ಮಗಳು ತಪ್ಪು ತಿದ್ದಿದ್ದಾಳೆ. ಅಕ್ಷರ ತಿದ್ದು, ಸಂಗತಿ ತಿದ್ದಬೇಡ ಎಂದು ಅವಳಿಗೆ ಹೇಳಿದ್ದೇನೆ.

ನಾನು ಗೋಕಾಕದ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಅಲ್ಲಿ ಬಿಟ್ಟ ಮೇಲೆ ಮೂಡಲಗಿಯಲ್ಲಿ ತಮ್ಮನ ಮನೆಯಲ್ಲಿದ್ದೆ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಯಾರಾದರೂ ಕರೆದರೆ ಹೋಗುತ್ತಿದ್ದೆ. ಹಾಗೆ ಒಂದು ದಿನ ಮೇಲವಂಕಿಯಿಂದ ಒಬ್ಬ ಮೋಟಾರ್‌ಸೈಕಲ್ ಮೇಲೆ ಬಂದ. ಅವರದು ಕುರಿಯವರ ಮನೆತನ. ಈಗ ಕುರಿ ಕಡಿಮೆ, ಕಬ್ಬು ಹೆಚ್ಚು. ಅವನ ತಾಯಿ ಕುರಿದಡ್ಡಿಯ ಮುಂದೆ ಜಾರಿ ಬಿದ್ದು ಟೊಂಕದ ಎಲುಬು ಮುರಿದಿತ್ತು. ವಯಸ್ಸು ಎಂಬತ್ತರ ಮೇಲೆ, ಜೊತೆಗೆ ಸಕ್ಕರೆ ಕಾಯಿಲೆ. ಮೈ ಆಪರೇಶನ್ ತಡೆಯುವುದಿಲ್ಲ ಎಂದು ಡಾಕ್ಟರು ಮನೆಗೆ ಕಳಿಸಿದ್ದರು. ಒಂದು ತಿಂಗಳು ಅಂಗಾತ ಮಲಗಿದ್ದಳು.

“ಬೆನ್ನಿಗೆ ಸಣ್ಣದೊಂದು ಗಾಯ ಆಗೈತ್ರಿ ಕಾಕೂ. ಇಷ್ಟ,” ಎಂದು ಬೆರಳು ಮಡಚಿ ರೂಪಾಯಿಯಷ್ಟು ತೋರಿಸಿದ.

ಬೆನ್ನಿನ ಗಾಯವನ್ನು ಮೇಲಿಂದ ನೋಡಿ ನಾನು ನಂಬುವುದಿಲ್ಲ. ಹೋಗಿ ನೋಡಿದೆ. ಬಾಯಿ ರೂಪಾಯಿಯಷ್ಟೇ. ಸುತ್ತ ಬೆರಳಿನಿಂದ ಒತ್ತಿದರೆ ಒಳಗೆ ಟೊಳ್ಳು, ಇಲಿಯ ಬಿಲದ ಹಾಗೆ. ವಾಸನೆ ಹೊಸ್ತಿಲಿಗೇ ಬಂದಿತ್ತು. ಮನೆಯವರು ಊದಿನಕಡ್ಡಿ ಹಚ್ಚಿಟ್ಟಿದ್ದರು. ಮೊದಲು ಅದನ್ನು ಆರಿಸಿದೆ. ವಾಸನೆ ನನಗೆ ತಿಳಿಯಬೇಕು. ಗಾಯ ಹೇಗಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ.

ಅವರ ಮನೆಯಲ್ಲೇ ಉಳಿದೆ. ಕೆಲಸ ಹೀಗೆ. ನೀರು ಕುದಿಸಿ, ಉಪ್ಪು ಹಾಕಿ, ಆರಿಸಿ, ಅದರಿಂದ ಗಾಯ ತೊಳೆಯುವುದು. ಡಾಕ್ಟರು ಕೊಟ್ಟ ಬಟ್ಟೆಯ ಪಟ್ಟಿಯನ್ನು ಉಪ್ಪುನೀರಿನಲ್ಲಿ ಅದ್ದಿ ಹಿಂಡಿ ಟೊಳ್ಳಿನೊಳಗೆ ಸಡಿಲವಾಗಿ ತುಂಬುವುದು, ಒತ್ತಿ ಗಿಡಿಯಬಾರದು. ದಿನಕ್ಕೆ ಎರಡು ಸಲ. ಹಾಸಿಗೆಯ ಬಟ್ಟೆಯಲ್ಲಿ ಒಂದು ಮಡಿಕೆಯೂ ಇರಬಾರದು, ಒದ್ದೆ ಇರಬಾರದು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲ ಕೆಳಗೆ ಹಳೇ ಸೀರೆ ಸುತ್ತಿಡಬೇಕು. ಬೇಳೆಕಟ್ಟು, ಹಾಲು, ತತ್ತಿ ಹೊಟ್ಟೆಗೆ ಹೋಗಬೇಕು. ಇದೆಲ್ಲ ಮಾಡಿಯೂ ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸದಿದ್ದರೆ ಎಲ್ಲ ನೀರಿನಲ್ಲಿ ಹೋಮ. ಎಲುಬಿನ ಭಾರ ಒಂದೇ ಕಡೆ ಬಿದ್ದರೆ ಅಲ್ಲಿ ರಕ್ತ ಆಡುವುದಿಲ್ಲ, ಮಾಂಸ ಸಾಯುತ್ತದೆ. ಎಡ, ಬಲ, ಮತ್ತೆ ಎಡ. ಗಡಿಯಾರ ನೋಡಿ ಬರೆದಿಡುವ ಜಾಣತನ ನನಗಿಲ್ಲ. ಗೋಡೆಯ ಮೇಲೆ ಇದ್ದಿಲಿನಿಂದ ಎಡಕ್ಕೆ ಒಂದು ಗೆರೆ, ಬಲಕ್ಕೆ ಒಂದು ಸೊನ್ನೆ ಹಾಕುತ್ತಿದ್ದೆ.

ಮುದುಕಿಗೆ ಟೊಂಕ ಮುರಿದಿತ್ತು, ನಾಲಗೆ ಗಟ್ಟಿ ಇತ್ತು. ನಾನು ಅವಳನ್ನು ಆಯಿ ಎನ್ನುತ್ತಿದ್ದೆ. ಅವಳು ನನ್ನನ್ನು ಯೇಸಪ್ಪನಾಕಿ ಎನ್ನುತ್ತಿದ್ದಳು.

“ಏ ಯೇಸಪ್ಪನಾಕಿ, ನಾ ಏನ್ ರೊಟ್ಟಿ ಅಂತ ತಿಳದಿಯೇನ? ಮ್ಯಾಲಿಂದ ಮ್ಯಾಲ ತಿರುವಿ ಹಾಕ್ತಿ.”

“ಸೀದ ಹೋಗಬಾರ್ದಲ್ಲ ಆಯಿ, ಅದಕ್ಕ.”

“ಸೀದ ತಿಂಗಳಾತು. ಈಗ ಬಂದಿ ನೀ.”

ಅವಳು ಹೇಳಿದ್ದು ಸರಿಯೇ ಇತ್ತು.

ಕೈಯಿಂದ ಹೊರಳಿಸಿದರೆ ಸಾಲದು, ಗಾಳಿ ಹಾಸಿಗೆ ಬೇಕು ಎನ್ನಿಸಿತು. ಹುಕ್ಕೇರಿಯಲ್ಲಿ ನಮ್ಮ ಸಭೆಯ ಒಂದು ಮನೆಯವರು ಅಜ್ಜ ತೀರಿಕೊಂಡ ಮೇಲೆ ಅಂಥದೊಂದನ್ನು ಅಟ್ಟದ ಮೇಲೆ ಎಸೆದಿದ್ದರು. ಬಸ್ಸಿನಲ್ಲಿ ಹೋಗಿ, ಸುರುಳಿ ಸುತ್ತಿ ತಲೆಯ ಮೇಲೆ ಹೊತ್ತು ತಂದೆ. ಅದರಲ್ಲಿ ಸಾಲುಸಾಲು ಚೀಲ, ಒಂದು ಸಾಲು ಉಬ್ಬಿದರೆ ಇನ್ನೊಂದು ಇಳಿಯುತ್ತದೆ. ಊದಲು ಕರೆಂಟಿನ ಸಣ್ಣ ಪಂಪು. ಹಚ್ಚಿ ನೋಡಿದರೆ ಗಾಳಿ ನಿಲ್ಲಲಿಲ್ಲ. ಕುರಿ ನೀರು ಕುಡಿಯುವ ದೋಣಿಯಲ್ಲಿ ಮುಳುಗಿಸಿದೆ. ಎರಡು ಕಡೆ ಗುಳ್ಳೆ ಎದ್ದವು. ಪಂಚರ್ ಅಂಗಡಿಯವನನ್ನು ಕರೆಸಿ ಸೈಕಲ್ ಟ್ಯೂಬಿನ ತುಂಡು ಅಂಟಿಸಿದೆ. ರೋಗಿಯ ಹಾಸಿಗೆಗೆ ಪಂಚರ್ ಹಾಕಿದ್ದು ಇದೇ ಮೊದಲು ಎಂದು ಅವನು ನಕ್ಕ. ಗಾಳಿ ನಿಂತಿತು. ಕರೆಂಟು ಇರುವಷ್ಟು ಹೊತ್ತು ನಿಲ್ಲುತ್ತಿತ್ತು, ಹೋದರೆ ಅರ್ಧ ತಾಸಿನಲ್ಲಿ ಚಪ್ಪಟೆ.

ಒಂದು ಭಾನುವಾರ ಮೂಡಲಗಿಗೆ ಆರಾಧನೆಗೆ ಹೋಗಿ ಸಂಜೆ ಮರಳಿ ಬಂದೆ. ನೋಡಿದರೆ ಗಾಳಿ ಹಾಸಿಗೆಯ ಮೇಲೆ ಕರಿ ಕಂಬಳಿ ಹಾಸಿ ಆಯಿಯನ್ನು ಅದರ ಮೇಲೆ ಮಲಗಿಸಿದ್ದಾರೆ. ಕಂಬಳಿ ಅವರ ದೇವರ ಗದ್ದುಗೆ. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಅದನ್ನೇ ಹಾಸುತ್ತಾರೆ. ಆದರೆ ಅದರ ಕೂದಲು ಚುಚ್ಚುತ್ತದೆ, ಕಾವು ಹಿಡಿಯುತ್ತದೆ. ಕೆಳಗೆ ಗಾಳಿ ಆಡುವುದು ಮೈಗೆ ತಿಳಿಯುವುದೇ ಇಲ್ಲ. ಬಲಗಡೆಯ ಟೊಂಕದ ಮೇಲೆ ಹೊಸದಾಗಿ ಕೆಂಪು ಎದ್ದಿತ್ತು. ಸೊಸೆ ಹಾಸಿದ್ದಳು. ಕಂಬಳಿ ಮೇಲೆ ಇದ್ದವರನ್ನು ದೇವರು ಕೈಬಿಡುವುದಿಲ್ಲ ಎಂದಳು. ನಾನು ಅವಳನ್ನು ಬಾಯಿಗೆ ಬಂದಂತೆ ಬೈದೆ. ಭಕ್ತಿ ಮಾಡಬೇಕಾದರೆ ಗೋಡೆಯ ಮುಂದೆ ಮಾಡು, ಹುಣ್ಣಿನ ಕೆಳಗೆ ಮಾಡಬೇಡ ಎಂದೆ. ಅವಳು ಕಣ್ಣೊರೆಸಿಕೊಂಡು ಕಂಬಳಿ ಮಡಚಿಟ್ಟಳು. ಆಯಿ ಒಂದು ದಿನ ನನ್ನ ಜೊತೆ ಮಾತು ಬಿಟ್ಟಳು.

ಇಪ್ಪತ್ತು ದಿನ ಕಳೆದ ಮೇಲೆ ಗಾಯದ ಅಂಚಿನಲ್ಲಿ ಕೆಂಪು ಮಾಂಸ ಬಂತು, ದಾಳಿಂಬೆಯ ಕಾಳಿನ ಹಾಗೆ. ವಾಸನೆ ಹೋಯಿತು. ಗೋಕಾಕದ ಡಾಕ್ಟರು ನೋಡಿ, ಪರವಾಗಿಲ್ಲ, ಯಾರು ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರಂತೆ. ಮಗ ಬಂದು ಅದನ್ನು ನನಗೆ ಹೇಳಿದ. ಆಗ ನನ್ನ ಬಾಯಿ ಸುಮ್ಮನಿರಲಿಲ್ಲ. ನಲವತ್ತು ದಿನಕ್ಕೆ ಗಾಯ ಕೂಡುತ್ತದೆ, ನಮ್ಮ ದೇವರು ಮಾಡುತ್ತಾನೆ, ನೋಡುತ್ತಿರು ಎಂದುಬಿಟ್ಟೆ. ಯಾರೂ ಕೇಳಿರಲಿಲ್ಲ. ದೇವರಂತೂ ಹೇಳೆಂದು ಹೇಳಿರಲಿಲ್ಲ.

ಅದೇ ವಾರ ನಮ್ಮ ಸಭೆಯಲ್ಲಿ ಮೂರು ದಿನದ ಉಪವಾಸ ಪ್ರಾರ್ಥನೆ ಇಟ್ಟರು. ಬುಧವಾರ, ಗುರುವಾರ, ಶುಕ್ರವಾರ. ನಾನು ಆಯಿಯ ಗಾಯದ ಸಲುವಾಗಿ ಮೂರೂ ದಿನ ಹಿಡಿಯುತ್ತೇನೆ, ಕೆಲಸದ ಮನೆಯಲ್ಲೇ ಇದ್ದು ಹಿಡಿಯುತ್ತೇನೆ ಎಂದು ಪಾಸ್ಟರಿಗೆ ಹೇಳಿ ಕಳಿಸಿದೆ. ಅರ್ಧ ಕೂಡಿದ ಗಾಯ, ಮೇಲೆ ಉಪವಾಸವೂ ಸೇರಿದರೆ ಪೂರಾ ಕೂಡುತ್ತದೆ ಎಂದು ನನ್ನ ಲೆಕ್ಕ. ಬರೀ ನೀರು ಕುಡಿದೆ. ಎರಡು ದಿನ ನಡೆಯಿತು. ಗೋಡೆಯ ಮೇಲೆ ಒಂದು ಗೆರೆಯೂ ತಪ್ಪಲಿಲ್ಲ.

ಶುಕ್ರವಾರ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ಹಾಸಿಗೆ ಚಪ್ಪಟೆಯಾಗಿತ್ತು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಮಧ್ಯಾಹ್ನ ಆಯಿಯನ್ನು ಅಂಗಾತ ಮಾಡಿ, ತಲೆ ಎತ್ತರಿಸಿ, ಅಂಬಲಿ ಕುಡಿಸಿದೆ. ಕುಡಿಸಿದ ಮೇಲೆ ಎಡಕ್ಕೆ ಹೊರಳಿಸಬೇಕು. ಕಣ್ಣು ಕತ್ತಲೆ ಬಂತು. ಒಂದು ಗಳಿಗೆ ಗೋಡೆಗೆ ಒರಗಿ ಕುಳಿತೆ.

ಎಚ್ಚರವಾದಾಗ ಕುರಿಗಳು ದಡ್ಡಿಗೆ ಬರುತ್ತಿದ್ದವು. ಹೊತ್ತು ಮುಳುಗಲು ಬಂದಿತ್ತು. ಐದು ತಾಸು ಆಗಿರಬೇಕು. ಆಯಿ ಹಾಗೇ ಅಂಗಾತ ಮಲಗಿದ್ದಳು, ಕಣ್ಣು ಬಿಟ್ಟುಕೊಂಡು.

“ಯಾಕ ಕರೀಲಿಲ್ಲ ಆಯಿ?”

“ಮೂರ ದಿನದಿಂದ ನನ್ನ ಸಲುವಾಗಿ ಹಸಕೊಂಡ ಕುಂತಾಕಿನ ಹೆಂಗ ಎಬ್ಬಸ್ಲೆ? ನಂದೇನೈತಿ, ಹೆಂಗೂ ಮಲಗೇ ಅದೇನಿ.”

ಹೊರಳಿಸಿ ಪಟ್ಟಿ ಬಿಚ್ಚಿದೆ. ಕೆಂಪಗಿದ್ದ ಅಂಚು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆ ಬಣ್ಣ ನನಗೆ ಆಸ್ಪತ್ರೆಯಿಂದ ಗೊತ್ತು. ಅದು ಹಿಂದಕ್ಕೆ ಬರುವುದಿಲ್ಲ.

ಹುಣ್ಣು ತಾನಾಗಿಯೇ ಕರ್ರಗಾಯಿತು, ಸಕ್ಕರೆ ಕಾಯಿಲೆಯವರಿಗೆ ಆಗುತ್ತದೆ ಎಂದರೆ ಯಾರೂ ಅಲ್ಲ ಎನ್ನುತ್ತಿರಲಿಲ್ಲ. ಇನ್ನೊಂದು ರಾತ್ರಿ ಕಳೆದರೆ ನನ್ನ ಉಪವಾಸವೂ ಪೂರ್ತಿಯಾಗುತ್ತಿತ್ತು. ಎರಡನ್ನೂ ಬಿಟ್ಟೆ. ಅಡುಗೆಮನೆಯ ಬಾಗಿಲಿಗೆ ಹೋಗಿ, ಹೊಲದಿಂದ ಬಂದಿದ್ದ ಸೊಸೆಗೆ ಎರಡು ರೊಟ್ಟಿ ಹಾಕು ಎಂದೆ. ಆ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಇದ್ದವು, ಹೊರಗಿನ ಕಟ್ಟೆಯ ಮೇಲೆ. ಅಲ್ಲೇ ಕುಳಿತು ತಿಂದೆ. ಅಷ್ಟರಲ್ಲಿ ಮಗ ಬಂದ.

“ತಮ್ಮಾ, ನಾ ಉಪಾಸ ಇದ್ದೆ. ನಿದ್ದಿ ಹತ್ತಿತು. ಐದ ತಾಸ ನಿಮ್ಮವ್ವನ್ನ ಹೊರಳಸ್ಲಿಲ್ಲ. ಗಾಯ ಕರ್ರಗಾಗೈತಿ. ತಪ್ಪ ನಂದು.”

ಅವನು ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ನಾಳೆ ಗಾಡಿ ತರುತ್ತೇನೆ, ಗೋಕಾಕಕ್ಕೆ ಒಯ್ಯೋಣ ಎಂದ. ನನ್ನನ್ನು ಕಳಿಸಲಿಲ್ಲ. ಅದನ್ನು ಕ್ಷಮೆ ಎಂದು ನಾನು ಬರೆಯುವುದಿಲ್ಲ. ಆ ಊರಲ್ಲಿ ಈ ಕೆಲಸಕ್ಕೆ ಬೇರೆ ಯಾರೂ ಇರಲಿಲ್ಲ.

ಸೊಸೆ ತಟ್ಟೆ ಒಯ್ಯಲು ಬಂದಾಗ ಅವಳಿಗೂ ಹೇಳಿದೆ. ಕಂಬಳಿಗೆ ನಿನ್ನನ್ನು ಬೈದೆನಲ್ಲ, ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು ಎಂದೆ.

“ಹೋಗ್ಲಿ ಬಿಡ್ರಿ ಕಾಕೂ,” ಎಂದಳು. “ನಾನೂ ದೇವರ ಸಲುವಾಗೇ ಹಾಸಿದ್ದೆ.”

ಡಾಕ್ಟರು ಸತ್ತ ಮಾಂಸ ಕತ್ತರಿಸಿ ತೆಗೆದರು. ಕೆಳಗೆ ಎಲುಬು ಕಂಡಿತು, ಬೆಳ್ಳಗೆ. ಮುಷ್ಟಿ ಹಿಡಿಯುವಷ್ಟು ಗುಂಡಿ. ದೊಡ್ಡ ಊರಿಗೆ ಒಯ್ದರೂ ಈ ವಯಸ್ಸಿಗೆ ಏನೂ ಮಾಡುವುದಿಲ್ಲ, ಮನೆಯಲ್ಲಿ ಸ್ವಚ್ಛ ಇಡಿ ಎಂದರು. ಅದರ ಅರ್ಥ ಮಗನಿಗೆ ತಿಳಿಯಿತು, ನನಗೂ ತಿಳಿಯಿತು. ಗಾಡಿಯಲ್ಲಿ ಮರಳಿ ಬರುವಾಗ ಆಯಿ ರಸ್ತೆಯ ಗುಂಡಿಗಳನ್ನು ಬೈಯುತ್ತಿದ್ದಳು.

ಮರುದಿನ ಭಾನುವಾರ. ಸಭೆಯಲ್ಲಿ ಪಾಸ್ಟರು ಉಪವಾಸ ಮಾಡಿದವರು ಎದ್ದು ಸಾಕ್ಷಿ ಹೇಳಿರಿ ಎಂದರು. ಒಬ್ಬಳಿಗೆ ಮಂಡಿನೋವು ಕಡಿಮೆಯಾಗಿತ್ತು. ಒಬ್ಬಳ ಎಮ್ಮೆ ಹಾಲು ಕೊಟ್ಟಿತ್ತು. ನಾನು ಎದ್ದು ಆದದ್ದನ್ನು ಆದ ಹಾಗೆ ಹೇಳಿದೆ. ಯಾರೂ ಆಮೆನ್ ಎನ್ನಲಿಲ್ಲ. ನಂತರ ಕೇಳಿದೆ: ಸರಪಳಿ ಪ್ರಾರ್ಥನೆಗೆ ಒಬ್ಬೊಬ್ಬರು ಒಂದೊಂದು ತಾಸು ಹಂಚಿಕೊಂಡಿದ್ದೀರಲ್ಲ, ಅದೇ ತಾಸು ಮೇಲವಂಕಿಗೆ ಬಂದು ಆಯಿಯನ್ನು ಹೊರಳಿಸಲು ನನಗೆ ಕೈ ಕೊಡಿ. ಇಬ್ಬರಿದ್ದರೆ ಚರ್ಮ ಎಳೆಯದೆ ಎತ್ತಿ ಹೊರಳಿಸಬಹುದು. ಎಲ್ಲರೂ ಒಂದೇ ಮಾತು ಹೇಳಿದರು, ಪ್ರಾರ್ಥನೆ ಮಾಡುತ್ತೇವೆ ಎಂದು. ಮೇಲವಂಕಿಗೆ ಬಸ್ಸೂ ಇದೆ ಎಂದೆ. ಪಾಸ್ಟರು ಹಾಡು ಎತ್ತಿದರು.

ಒಬ್ಬಳು ಬಂದಳು, ಕಬ್ಬಿನ ಕಳೆ ತೆಗೆಯುವವಳು. ಒಂದು ದಿನದ ಕೂಲಿ ಬಿಟ್ಟು ಬಂದು ನಾಲ್ಕು ಸಲ ಹೊರಳಿಸಿ ಹೋದಳು. ಕೈ ಹದವಾಗಿತ್ತು. ಮತ್ತೆ ಬರಲಾಗಲಿಲ್ಲ, ಮನೆಯಲ್ಲಿ ಮೂರು ಮಕ್ಕಳು. ಉಳಿದವರನ್ನೂ ನಾನು ದೂರುವುದಿಲ್ಲ. ಅವರವರ ಮನೆಯಲ್ಲಿ ಅವರವರ ಕೆಲಸ.

ಕಡೆಗೆ ಸೊಸೆಗೇ ಕಲಿಸಿದೆ. ಮೊದಲು ಮೊಣಕಾಲು ಮಡಚು. ಒಂದು ಕೈ ಹೆಗಲ ಹಿಂದೆ, ಒಂದು ಕೈ ಟೊಂಕದ ಹಿಂದೆ. ಮೈ ಎಳೆಯಬೇಡ, ಕೆಳಗಿನ ಬಟ್ಟೆ ಹಿಡಿದು ಮೈಯನ್ನು ನಿನ್ನ ಕಡೆ ತಾ. ಅವಳು ಹೊಲಕ್ಕೆ ಹೋದಾಗ ನಾನೊಬ್ಬಳೇ. ಆ ದಿನಗಳಲ್ಲಿ ನಾನು ಮೊಣಕಾಲೂರಿ ಪ್ರಾರ್ಥನೆ ಮಾಡಲಿಲ್ಲ. ಗಾಯ ಕೂಡಲಿ ಎಂದು ಕೇಳಲು ಮುಖವೂ ಇರಲಿಲ್ಲ. ಹೊರಳಿಸುವಾಗ ಮಾತ್ರ, ಕರ್ತನೇ, ಆ ಕಡೆ ಹಿಡಿ ಎನ್ನುತ್ತಿದ್ದೆ. ಅವನು ಹಿಡಿದನೋ ಇಲ್ಲವೋ ನಾನು ಕಂಡಿಲ್ಲ. ಆಯಿ ಹೊರಳುತ್ತಿದ್ದಳು. ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೆ. ಯಾರಾದರೂ ಸಾಯಲು ಹತ್ತಿದ್ದಾಗ ಹೊಟ್ಟೆ ತುಂಬ ಉಣ್ಣುವುದು ಉಪವಾಸಕ್ಕಿಂತ ಕಷ್ಟ. ಮಾಡಿ ನೋಡಿದವರಿಗೆ ಗೊತ್ತು.

ಎರಡು ವಾರದ ಮೇಲೆ ಜ್ವರ ಬಂತು. ಸಂಜೆ ಏರುವುದು, ಬೆಳಿಗ್ಗೆ ಇಳಿಯುವುದು. ಗಾಯದ ವಾಸನೆ ಮತ್ತೆ ಬಂತು, ಈ ಸಲ ಸಿಹಿ ವಾಸನೆ. ಒಂದು ಮುಂಜಾನೆ ಪಟ್ಟಿ ಬದಲಿಸುವಾಗ ಆಯಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

“ಖರೆ ಹೇಳ. ಇದು ಕೂಡತೈತೇನ?”

ನಾನು ಪಟ್ಟಿ ಹಿಂಡುತ್ತಿದ್ದೆ. ಮೊದಲೊಮ್ಮೆ ಕೇಳದೆಯೇ ಹೇಳಿ ಕೆಟ್ಟಿದ್ದೆ. ಈಗ ಅವಳು ಕೇಳುತ್ತಿದ್ದಳು.

“ಇಲ್ಲ ಆಯಿ. ಕೂಡೂದಿಲ್ಲ.”

“ಮತ್ಯಾಕ ತಿರುವಿ ಹಾಕ್ತಿ?”

“ಹಂಗ ಬಿಟ್ರ ಇನ್ನೂ ನೋಯ್ತೈತಲ್ಲ, ಅದಕ್ಕ.”

ಪಟ್ಟಿ ತುಂಬುತ್ತಿದ್ದಾಗ ಮತ್ತೆ ಕೇಳಿದಳು.

“ನಿಮ್ಮ ಯೇಸಪ್ಪಗ ಗೊತ್ತೈತೇನ ಇದು?”

“ಗೊತ್ತೈತಿ.”

“ಗೊತ್ತಿದ್ದೂ ಸುಮ್ಮನದಾನ?”

“ಸುಮ್ಮನದಾನ ಆಯಿ.”

“ನಮ್ಮಾಂವನೂ ಹಂಗ,” ಎಂದಳು. ಆಮೇಲೆ, “ಹ್ಞೂಂ, ಬಲಕ್ಕ ಹಾಕು. ಈ ಮಗ್ಗಲ ಸಾಕಾಗೈತಿ.”

ಅದಾಗಿ ಒಂಬತ್ತನೆಯ ದಿನ ಹೋದಳು. ಬೆಳಗಿನ ಹೊತ್ತು. ನಾನು ಎಡಕ್ಕೆ ತಂದಾಗ ಮೈ ಹಗುರ ಅನ್ನಿಸಿತು. ಮೂಗಿನ ಮುಂದೆ ಕೈ ಹಿಡಿದರೆ ಉಸಿರು ಇರಲಿಲ್ಲ. ಸೊಸೆಯನ್ನು ಕೂಗಿದೆ. ಮೈ ತೊಳೆಯುವ ಮುಂಚೆ ಗಾಯವನ್ನು ಒಮ್ಮೆ ಸ್ವಚ್ಛ ಮಾಡಿ, ಹೊಸ ಪಟ್ಟಿ ತುಂಬಿ, ಮೇಲೆ ಕಟ್ಟಿದೆ. ಬಂದ ಹೆಂಗಸರಲ್ಲಿ ಒಬ್ಬಳು, ಸತ್ತಾಕೆಗೆ ಪಟ್ಟಿ ಯಾಕೆ ಎಂದಳು. ಎಲ್ಲರೂ ನೋಡುವಂತೆ ತೆರೆದಿಡಬಾರದು ಎಂದೆ. ಸೊಸೆ ಬಂದು ಇನ್ನೊಂದು ಕಡೆ ಹಿಡಿದುಕೊಂಡಳು. ಅವರ ಪದ್ಧತಿಯಂತೆ ಹೊಲದಲ್ಲಿ ಮಣ್ಣು ಮಾಡಿದರು. ನಾನು ದೂರ ಬದುವಿನ ಮೇಲೆ ನಿಂತಿದ್ದೆ.

ಸಂಜೆ ಪಾಸ್ಟರು ಫೋನಿನಲ್ಲಿ ದೇವರ ಚಿತ್ತ ಎಂದರು. ಇರಬಹುದು. ದೇವರ ಚಿತ್ತ ನನಗೆ ಗೊತ್ತಿಲ್ಲ. ಆ ಶುಕ್ರವಾರ ಮಧ್ಯಾಹ್ನ ನಾನು ಮಲಗಿದ್ದು ಗೊತ್ತು. ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಗಂಟು ಕಟ್ಟಲು ನನಗೆ ಬರುವುದಿಲ್ಲ. ಕಷ್ಟದಲ್ಲಿರುವವರು ಇದನ್ನು ಓದಿದರೆ, ದೇವರನ್ನು ನಂಬಿದೆ, ಗೆದ್ದೆ ಎಂದು ನಾನು ಹೇಳಲಾರೆ. ನಂಬಿದೆ, ಸೋತೆ. ಇನ್ನೂ ನಂಬಿದ್ದೇನೆ. ಆ ಮನೆಯಲ್ಲಿ ದಿನಕ್ಕೆ ಹತ್ತು ಸಲ ಅವನನ್ನು ಕರೆದು ರೂಢಿಯಾಗಿತ್ತು. ಆ ರೂಢಿ ಬಿಟ್ಟಿಲ್ಲ.

ಮಣ್ಣಿಗೆ ಬಂದವರಲ್ಲಿ ಗೋಕಾಕ ಫಾಲ್ಸಿನ ಒಬ್ಬನಿದ್ದ, ಗಿರಣಿ ಮಂದಿಯ ಸಾಲು ಮನೆಯವನು. ಅವನ ತಂದೆಗೆ ಲಕ್ವಾ ಹೊಡೆದು ಎಂಟು ದಿನವಾಗಿತ್ತಂತೆ, ಮೇಲೇಳುವುದಿಲ್ಲವಂತೆ. ಬೆನ್ನಿಗೆ ಹುಣ್ಣು ಬಿದ್ದಿದೆಯೇ ಎಂದು ಕೇಳಿದೆ.

“ಇಲ್ರಿ, ಇನ್ನೂ ಇಲ್ಲ. ಆರಾಮ ಅಂಗಾತ ಮಲಗ್ಯಾರ.”

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಫಾಲ್ಸಿಗೆ ಹೋದೆ. ಮನೆ ಹುಡುಕಿ ಒಳಗೆ ಹೋದಾಗ ಅವರು ಇನ್ನೂ ಚಹಾ ಕುದಿಸುತ್ತಿದ್ದರು. ಯಾರು, ಏನು ಎಂದು ಅವರು ಕೇಳುವ ಮೊದಲೇ ಮುದುಕನ ಬೆನ್ನಿನ ಕೆಳಗೆ ಕೈ ಹಾಕಿ ತಡವಿದೆ. ಚರ್ಮ ಬಿಸಿಯಾಗಿತ್ತು, ಒದ್ದೆಯಿತ್ತು, ಹರಿದಿರಲಿಲ್ಲ. ಅವನನ್ನು ಎಡಕ್ಕೆ ಹೊರಳಿಸಿದೆ.